ಚಾರ್ಟ್‌ನಲ್ಲಿ ಟಿಕ್ ಇತ್ತು, ಬಾಯಿ ತೊಳೆದಿರಲಿಲ್ಲ

ಸ್ಟ್ರೋಕ್ ಆದವರಿಗೆ ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿದ ಮೇಲೆ ಅವರ ಬಾಯಿಯನ್ನು ಎಲ್ಲರೂ ಮರೆತೇಬಿಡುತ್ತಾರೆ. ಅಪ್ಪನ ಬಿ.ಪಿ., ಶುಗರ್, ಯೂರಿನ್ ಲೆಕ್ಕವನ್ನೆಲ್ಲ ಬರೆದಿಡುತ್ತಿದ್ದರು. ಬೆನ್ನು ಹುಣ್ಣಾಗದಿರಲಿ ಎಂದು ಮಗ್ಗುಲು ಬದಲಿಸುತ್ತಿದ್ದರು. ರೌಂಡ್ಸಿಗೆ ಬಂದ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದರೇ ಹೊರತು, ಬಾಯಿ ತೆರೆಸಿ ನೋಡಿದ್ದನ್ನು ನಾನು ಕಾಣೆ. ವಾಸನೆ ಬರುತ್ತಿದೆ ಎಂದರೆ ವಾರ್ಡಿನ ಇನ್‌ಚಾರ್ಜ್, ‘ಊಟವೇ ಬಾಯಲ್ಲಿ ಹೋಗ್ತಿಲ್ಲ ಮೇಡಂ, ಬ್ರಷ್ ಮಾಡೋದೇನಿದೆ? ಅದು ಔಷಧಿ ವಾಸನೆ’ ಎಂದರು.

ಈ ಮಾತು ಶುದ್ಧ ತಪ್ಪು. ನಾವು ಅಗಿಯುವಾಗ, ನುಂಗುವಾಗ, ಮಾತಾಡುವಾಗ ಬಾಯಿ ತನ್ನನ್ನು ತಾನೇ ತೊಳೆದುಕೊಳ್ಳುತ್ತಿರುತ್ತದೆ. ಟ್ಯೂಬಿನಲ್ಲಿ ಫೀಡ್ ಹೋಗುವವರಿಗೆ ಇದು ಯಾವುದೂ ಇಲ್ಲ. ಜೊಲ್ಲು ಕಡಿಮೆ. ಬಾಯಿ ತೆರೆದುಕೊಂಡೇ ಉಸಿರಾಟ, ಮೇಲೆ ಆಕ್ಸಿಜನ್ ಮಾಸ್ಕಿನ ಒಣ ಗಾಳಿ. ಹಲ್ಲಿನ ಮೇಲಿನ ಲೋಳೆಯಲ್ಲಿ ಬೆಳೆದ ಕ್ರಿಮಿಗಳು, ಸರಿಯಾಗಿ ನುಂಗಲಾಗದ ರೋಗಿಯಲ್ಲಿ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತವೆ.

ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಕೆಂಗೇರಿ ಆಚೆಯ ಡೆಂಟಲ್ ಕಾಲೇಜಿನಲ್ಲಿ ಹೌಸ್ ಸರ್ಜನ್. ಸಂಜೆ ಅಪ್ಪನನ್ನು ನೋಡಲು ಬಂದವಳು ಹಣ್ಣಿನ ಚೀಲ ಇಟ್ಟವಳೇ ಮೊಬೈಲ್ ಟಾರ್ಚ್ ಹಾಕಿ, ಕೆನ್ನೆ ಎಳೆದು ನೋಡಿದಳು. ‘ಆಂಟಿ, ನೀವೂ ನೋಡಿ’ ಎಂದಳು. ಮೇಲಿನ ಅಂಗುಳಕ್ಕೆ ಕಂದು ಬಣ್ಣದ ಒಂದು ಪದರ, ಹಾಲು ಸೀದು ಪಾತ್ರೆಯ ತಳಕ್ಕೆ ಹತ್ತಿದಂತೆ ಹತ್ತಿಕೊಂಡಿತ್ತು. ಕಫ, ಜೊಲ್ಲು, ಸತ್ತ ಚರ್ಮ ಎಲ್ಲ ಒಣಗಿ ಗಟ್ಟಿಯಾದದ್ದು. ನಾಲಿಗೆ ತುಂಬ ಬಿಳಿ ಫಂಗಸ್. ವಸಡು ಮುಟ್ಟಿದರೆ ರಕ್ತ.

ಅವಳು ಡ್ಯೂಟಿ ಡಾಕ್ಟರ ಒಪ್ಪಿಗೆ ಕೇಳಿ, ಸಿಸ್ಟರನ್ನು ಸಕ್ಷನ್ ಹಿಡಿದು ನಿಲ್ಲುವಂತೆ ಕೇಳಿಕೊಂಡಳು. ಮಂಚದ ತಲೆಭಾಗ ಎತ್ತರಿಸಿ ಅಪ್ಪನ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿದೆವು. ಸಲೈನ್‌ನಲ್ಲಿ ನೆನೆಸಿದ ಗಾಜ್ ಅನ್ನು ಅಂಗುಳಕ್ಕೆ ಒತ್ತಿ ಹಿಡಿದಳು. ಕಾದಳು. ಮತ್ತೆ ಒದ್ದೆ ಮಾಡಿದಳು. ಒಣಗಿದ್ದನ್ನು ಹಾಗೇ ಕಿತ್ತರೆ ಚರ್ಮವೂ ಬರುತ್ತದೆ, ಚೂರು ಗಂಟಲಿಗೆ ಜಾರಿದರೆ ಉಸಿರೇ ಕಟ್ಟುತ್ತದೆ ಎಂದು ಮೆಲ್ಲಗೆ ಹೇಳುತ್ತಲೇ ಇದ್ದಳು. ಕೊನೆಗೆ ಒಂದು ಅಂಚು ಎದ್ದಿತು. ಉಗುರಿನಷ್ಟು ಅಗಲದ ತುಂಡು ಚಿಮುಟದಲ್ಲಿ ಹೊರಬಂತು, ಹಿಂದೆಯೇ ಇನ್ನೊಂದು. ಅದರ ಕೆಳಗೆ ಕೆಂಪಗೆ ಹಸಿ ಗಾಯ. ಅಪ್ಪನಿಗೆ ಮಾತು ಹೋಗಿತ್ತು, ನೋವು ಹೋಗಿರಲಿಲ್ಲ. ಸರಿಯಿದ್ದ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು ಹಿಸುಕಿದರು, ಕಣ್ಣಿಂದ ನೀರು ಕಿವಿಯವರೆಗೆ ಇಳಿಯಿತು. ಇಷ್ಟು ದಿನ ಇದನ್ನು ಬಾಯಲ್ಲಿಟ್ಟುಕೊಂಡೇ ಮಲಗಿದ್ದರಲ್ಲ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಮಂಚದ ಕಾಲ ಬಳಿ ತೂಗುಹಾಕಿದ್ದ ಚಾರ್ಟ್ ತೆಗೆದು ನೋಡಿದೆ. ‘ಮೌತ್ ಕೇರ್’ ಎಂಬ ಸಾಲು. ಮೂರೂ ಶಿಫ್ಟಿಗೆ, ಸೇರಿಸಿದ ದಿನದಿಂದ ಆ ದಿನದವರೆಗೆ, ನೀಲಿ ಇಂಕಿನ ಟಿಕ್. ಒಂದೂ ತಪ್ಪಿಲ್ಲ. ಇನ್‌ಚಾರ್ಜ್ ‘ಸ್ಟಾಫ್ ಇಲ್ಲ’ ಎಂದರು. ಇರಲಿಲ್ಲ ನಿಜ, ರಾತ್ರಿ ಪಾಳಿಯ ಹುಡುಗಿಯರು ಓಡಾಡಿ ಸುಸ್ತಾಗುವುದನ್ನು ನಾನೇ ಕಂಡಿದ್ದೇನೆ. ಅವರ ಮೇಲೆ ನನಗೆ ಕೋಪವಿಲ್ಲ. ಮಾಡಲಾಗಲಿಲ್ಲ ಎಂದು ಬರೆದಿದ್ದರೆ ನಾನೇ ಮಾಡುತ್ತಿದ್ದೆ. ಮಾಡಿದ್ದೇವೆ ಎಂದು ಬರೆಸಿದವರನ್ನು ಮಾತ್ರ ಕ್ಷಮಿಸಲಾರೆ.

ಆ ವಾರವೇ ಜ್ವರ ಬಂತು, ಎಕ್ಸ್‌ರೇಯಲ್ಲಿ ನ್ಯುಮೋನಿಯಾ, ಐಸಿಯು. ಬಾಯಿಯಿಂದಲೇ ಬಂತೆಂದು ಸಾಬೀತು ಮಾಡಲು ನನ್ನಿಂದಾಗದು. ಆದರೆ ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟವಾದ ಮೇಲೆ ಹಲ್ಲುಜ್ಜಿಸಿದ ಹಿರಿಯರಲ್ಲಿ ನೂರಕ್ಕೆ 11 ಮಂದಿಗೆ ನ್ಯುಮೋನಿಯಾ ಬಂದರೆ, ಆ ಆರೈಕೆ ಇಲ್ಲದವರಲ್ಲಿ 19 ಮಂದಿಗೆ ಬಂದಿತ್ತು. ಆಸ್ಪತ್ರೆ ರೋಗಿಗಳ ಮೇಲಿನ 15 ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಬಂದ ವಿಶ್ಲೇಷಣೆಯೂ ಇದನ್ನೇ ಹೇಳಿತು. ಹೆಚ್ಚು ಪ್ರಯೋಜನ ಕಂಡಿದ್ದು ವೆಂಟಿಲೇಟರ್ ಮೇಲಿದ್ದವರಲ್ಲಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಸವರುವುದು ಬೇಡ, ದಿನವೂ ಬ್ರಷ್ ಮಾಡಿ ಎಂದು ಅಮೆರಿಕದ ತಜ್ಞ ಸಂಘಗಳು ವೆಂಟಿಲೇಟರ್ ರೋಗಿಗಳ ವಿಷಯದಲ್ಲಿ 2022ರಲ್ಲೇ ಹೇಳಿಯಾಗಿದೆ. ಇದೇನೂ ದುಬಾರಿ ಚಿಕಿತ್ಸೆಯಲ್ಲ. ಹಾವನೂರು ಸರ್ಕಲ್‌ನ ಅಂಗಡಿಯಲ್ಲಿ ಸಿಗುವ ಮಕ್ಕಳ ಬ್ರಷ್ ಸಾಕು.

ಆದರೂ ನಮ್ಮ ಭಾವ ಅಡ್ಡ ನಿಂತರು. ‘ನುಂಗಕ್ಕಾಗದವರ ಬಾಯಿಗೆ ನೀರು ಹಾಕ್ತೀಯಾ? ಏನಾದ್ರೂ ಆದ್ರೆ ನೀನೇ ಹೊಣೆ’ ಎಂದು ಕಾರಿಡಾರಿನಲ್ಲಿ ಎಲ್ಲರೆದುರು ಕೂಗಿದರು. ಮರುದಿನ ತಾವೇ ಜೇನುತುಪ್ಪದ ಬಾಟಲಿ ತಂದು ನಾಲಿಗೆಗೆ ಸವರಲು ಹೋದರು! ಕೈ ಹಿಡಿದು ನಿಲ್ಲಿಸಿದೆ.

ನೀರು ಸುರಿಯಬಾರದು ಎಂಬುದಂತೂ ಸರಿ. ಬ್ರಷ್ ಅದ್ದಿ, ಚೆನ್ನಾಗಿ ಕೊಡವಿ, ತಲೆ ಎತ್ತರಿಸಿ ಮುಖ ಪಕ್ಕಕ್ಕೆ ತಿರುಗಿಸಿ ಉಜ್ಜಬೇಕು. ನೊರೆ ಬರುವ ಪೇಸ್ಟ್ ಬೇಡ. ಫೀಡ್ ಕೊಟ್ಟ ಕೂಡಲೇ ಬೇಡ, ವಾಂತಿ ಬರುತ್ತದೆ. ಕಚ್ಚುವ ರೋಗಿಯ ಹಲ್ಲಿನ ನಡುವೆ ಬೆರಳು ಹಾಕಬೇಡಿ. ಮೊದಲ ಸಲ ಸಿಸ್ಟರ್ ಎದುರೇ ಮಾಡಿ, ಸಕ್ಷನ್ ಹತ್ತಿರವಿರಲಿ. ಬಿಳಿ ಪದರ ಕಂಡರೆ ಡಾಕ್ಟರಿಗೆ ತೋರಿಸಿ, ಫಂಗಸ್‌ಗೆ ಔಷಧಿ ಇದೆ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಸೇರಿಸುವ ದಿನವೇ ತೆಗೆಸಿ, ಹೆಸರು ಬರೆದ ಡಬ್ಬಿಯಲ್ಲಿಟ್ಟು ಮನೆಗೆ ತನ್ನಿ. ಅಪ್ಪನದನ್ನು ಕ್ಯಾಶುವಲ್ಟಿಯಲ್ಲಿ ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟರು, ಅದು ಕಸದ ಜೊತೆ ಹೋಯಿತು. ಡಿಸ್ಚಾರ್ಜ್ ಆದ ಮೇಲೆ ಕಡಿಮೆ ಖರ್ಚಿನಲ್ಲಿ ಹಲ್ಲು ತೋರಿಸಬೇಕಾದವರಿಗೆ ಕೋಟೆಯ ಸರ್ಕಾರಿ ದಂತ ಕಾಲೇಜಿದೆ. ರಾಜಾಜಿನಗರದಿಂದ ಹಸಿರು ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ವಿಕ್ಟೋರಿಯಾ ಆಸ್ಪತ್ರೆಯ ಬಳಿಯೇ.

ಅಪ್ಪ ಈಗ ಮನೆಯಲ್ಲಿದ್ದಾರೆ, ಟ್ಯೂಬ್ ತೆಗೆದಿದ್ದಾರೆ, ರಾಗಿ ಗಂಜಿ ಕುಡಿಯುತ್ತಾರೆ. ನಾನು ಕೇಸ್ ಶೀಟಿನ ಪ್ರತಿ ಕೇಳಿ ಪಡೆದೆ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರಿಗೆ 2002ರಿಂದಲೇ ನಿಯಮವಿದೆ, ನೀವೂ ಕೇಳಿ. ಆ ಟಿಕ್‌ಗಳ ಪುಟವನ್ನು ಲಗತ್ತಿಸಿ ಆಸ್ಪತ್ರೆಗೆ ಬರೆದ ದೂರಿಗೆ ಉತ್ತರವಿಲ್ಲ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ, ಇನ್ನು ಅಲ್ಲಿಗೇ ಹೋಗುತ್ತೇನೆ. ಭಾವ ಇದೂ ಬೇಡ ಎನ್ನುತ್ತಿದ್ದಾರೆ.