ಚೌಕಟ್ಟಿನ ಹೊರಗುಳಿದ ಮುಖಗಳು

ಕಳೆದ ವರ್ಷ ನಾವು ಹತ್ತನೆಯ ತರಗತಿಯ ಸಮೂಹಚಿತ್ರವನ್ನು ಶಾಲೆಯ ಮೊಬೈಲ್ ಆ್ಯಪಿಗೆ ಏರಿಸಿದೆವು. ಮರುದಿನವೇ ಹೊಳಲ್ಕೆರೆಯ ಸಮೀಪದ ಹಳ್ಳಿಯಿಂದ ತಾಯಿಯೊಬ್ಬರು ಬಂದು, "ಅಮ್ಮಾವ್ರೆ, ಫೋಟೋ ತೆಗೆದ ದಿನ ನಮ್ಮ ಹುಡುಗಿ ಸ್ಕೂಲಿಗೆ ಬಂದಿರ್ಲಿಲ್ವೇ?" ಎಂದು ಕೇಳಿದರು. ಹುಡುಗಿ ಬಂದಿದ್ದಳು, ಸಾಲಿನ ತುದಿಯಲ್ಲಿ ನಿಂತಿದ್ದಳು. ಇದು ಹೇಗಾಯಿತೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಅರಿಯುವುದು ಒಳ್ಳೆಯದು.

ಆ್ಯಪಿನಲ್ಲಿ ಕಾಣುವ ಚಿತ್ರವು ದೂರದ ಸರ್ವರಿನಿಂದ ಬರತಕ್ಕದ್ದು. ಅದು ಬರುವ ಮೊದಲೇ ಅದಕ್ಕೊಂದು ಚೌಕಟ್ಟು ಗೊತ್ತಾಗಿರುತ್ತದೆ. ಬಂದ ಚಿತ್ರವನ್ನು ಅದರಲ್ಲಿ ಕೂರಿಸುವ ಮುಖ್ಯ ವಿಧಾನಗಳು ಎರಡು. ಇಡೀ ಚಿತ್ರವನ್ನು ಕಿರಿದುಮಾಡಿ ಒಳಗಿಡುವುದು ಮೊದಲನೆಯದು. ಇದರಲ್ಲಿ ಅಂಚಿಗೆ ಬರಿದಾದ ಜಾಗ ಉಳಿಯುವುದು. ಚೌಕಟ್ಟನ್ನು ಪೂರ್ಣವಾಗಿ ತುಂಬಿಸಿ, ಮಿಕ್ಕುದನ್ನು ಕತ್ತರಿಸುವುದು ಎರಡನೆಯದು.

ನಮ್ಮ ಚಿತ್ರದ ಅಗಲ 1600, ಎತ್ತರ 800 ಪಿಕ್ಸೆಲ್ ಎಂದಿಟ್ಟುಕೊಳ್ಳೋಣ. ಚೌಕಟ್ಟು 400ಕ್ಕೆ 400. ಎತ್ತರವು ಸರಿಹೊಂದಲು ಚಿತ್ರವನ್ನು ಅರ್ಧಕ್ಕಿಳಿಸಿದರೆ ಅಗಲವು 800 ಆಗುವುದು. ನಡುವನ್ನು ಹಿಡಿದು ಕೂರಿಸಿದರೆ ಎಡಕ್ಕೆ 200, ಬಲಕ್ಕೆ 200 ಮರೆಯಾಗುವುವು. ಅಂದರೆ ತರಗತಿಯ ಅರ್ಧಭಾಗವೇ ಕಾಣದು! ಚಿತ್ರದುರ್ಗದ ಕೋಟೆಯ ದೀಪಸ್ತಂಭದಂತಹ ನೀಳವಾದ ಚಿತ್ರವಾದರೆ ಮೇಲುಭಾಗವೂ ಬುಡವೂ ಹೋಗುವುವು.

ಮುಖ್ಯವಾದುದನ್ನು ಯಂತ್ರವೇ ಆರಿಸಲೆಂದು ಬಿಡಬಹುದಲ್ಲವೆ? ಟ್ವಿಟರ್ ಸಂಸ್ಥೆಯು ಹಾಗೆ ಮಾಡಿತ್ತು. ಆ ಆಯ್ಕೆಯಲ್ಲಿ ಪಕ್ಷಪಾತವಿದೆಯೆಂದು 2020ರಲ್ಲಿ ಆಕ್ಷೇಪಣೆಗಳು ಬಂದವು. ಸಂಸ್ಥೆಯೇ ಪರೀಕ್ಷಿಸಿ ನೋಡಿ, ಚಿತ್ರವನ್ನು ಹೇಗೆ ಕತ್ತರಿಸಬೇಕೆಂಬ ನಿರ್ಧಾರವು ಮನುಷ್ಯರದೇ ಆಗಿರುವುದು ಲೇಸೆಂದು 2021ರಲ್ಲಿ ಒಪ್ಪಿಕೊಂಡಿತು.

ಆದಕಾರಣ ನಾವು ಮೂರು ನಿಯಮಗಳನ್ನು ಇಟ್ಟುಕೊಂಡಿದ್ದೇವೆ. ಸಮೂಹಚಿತ್ರಕ್ಕೆ ಯಾವಾಗಲೂ ಮೊದಲನೆಯ ವಿಧಾನ. ಒಬ್ಬಳದೇ ಚಿತ್ರವಾದರೆ, ಮುಖವಿರುವ ಸ್ಥಳವನ್ನು ಏರಿಸುವಾಗಲೇ ಗುರುತಿಸಿ ಚಿತ್ರದೊಡನೆ ಬರೆದಿಡುವುದು. ಚೌಕಟ್ಟು ಆ ಬಿಂದುವಿನ ಸುತ್ತ ನಿಲ್ಲುವುದು. ಇನ್ನು, 4000ಕ್ಕೆ 3000ದ ಚಿತ್ರವೊಂದು ಫೋನಿನಲ್ಲಿ ಬಿಡಿಸಿಕೊಂಡಾಗ ಸುಮಾರು 48 ಮೆಗಾಬೈಟ್ ಸ್ಮೃತಿಯನ್ನು ಹಿಡಿಯುವುದರಿಂದ, ಸರ್ವರಿನಲ್ಲಿಯೇ ಕಿರುಪ್ರತಿ ಮಾಡಿಡುವುದು. ಆದರೆ ಆ ಪ್ರತಿಯನ್ನು ಕಿರಿದುಗೊಳಿಸಬೇಕೇ ಹೊರತು ಕತ್ತರಿಸಬಾರದು. ಅಲ್ಲಿ ಕತ್ತರಿಸಿದ್ದು ಫೋನಿಗೆ ಬರುವುದೇ ಇಲ್ಲ.

ಚಿತ್ರವನ್ನು ಸರಿಪಡಿಸಿದ ದಿನ ಆ ತಾಯಿಗೆ ನಾವೇ ತೋರಿಸಿದೆವು. ಎರಡೂ ಕಡೆ ಅಂಚುಗಳಲ್ಲ, ಮೇಲೂ ಕೆಳಗೂ ಬಿಳಿಯ ಪಟ್ಟಿ ಉಳಿದಿತ್ತು. ಅಷ್ಟೊಂದು ಅಂದವಾಗಿಯೇನೂ ಇರಲಿಲ್ಲ. ಅವರು ನೋಡಿದ್ದು ಸಾಲಿನ ತುದಿಯನ್ನು ಮಾತ್ರ.