ಮುಖ ಕಾಣಬೇಕು, ತಮ್ಮಾ

ಶ್ರಾವಣದ ಪುರಾಣವನ್ನು ಈ ಸಲ ನೇರಪ್ರಸಾರ ಮಾಡುತ್ತೇವೆ, ಯಾವ ವೆಬ್‌ಕ್ಯಾಮ್ ತರೋಣ ಎಂದು ಕೇಳಿದಿರಿ. ಕೇಳಿ ಮನಸ್ಸು ತುಂಬಿ ಬಂತು. ದುಡಿಯಲು ಗೋವಾ, ಪುಣೆ, ಬೆಂಗಳೂರು ಸೇರಿದ ನಮ್ಮ ಮಸೂತಿ ಹಳ್ಳಿಯ ಮಂದಿ ಊರನ್ನು ನೋಡುವುದು ಅಂಗೈಯಗಲದ ಮೊಬೈಲಿನಲ್ಲಿ. ಪುರಾಣ ಹೇಳುವವರ ಮುಖ, ಹಾರ್ಮೋನಿಯಂ ಮೇಲೆ ಓಡುವ ಬೆರಳು, ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತ ತಮ್ಮ ಅವ್ವ, ಇಷ್ಟು ಅವರಿಗೆ ಕಾಣಬೇಕು. ಕ್ಯಾಮೆರಾ ಆರಿಸುವಾಗ ಇದನ್ನೇ ಮುಂದಿಟ್ಟುಕೊಳ್ಳಿ.

ಡಬ್ಬಿಯ ಮೇಲಿನ ಅಂಕಿ ನೋಡಿ ಮರುಳಾಗಬೇಡಿ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು ಕಾಫಿ ಪಾತ್ರೆ ತುಂಬಿದೆಯೋ ಖಾಲಿಯೋ ಎಂದು ಕುಳಿತಲ್ಲಿಂದಲೇ ನೋಡಲು ಒಂದು ಕ್ಯಾಮೆರಾ ಹೂಡಿದ್ದರು. ಉದ್ದಕ್ಕೂ ಅಗಲಕ್ಕೂ 128 ಚುಕ್ಕೆಗಳ ಕಪ್ಪು-ಬಿಳುಪು ಚಿತ್ರ ಅದು. ಅವರ ಕೆಲಸಕ್ಕೆ ಸಾಕಾಯಿತು. ಇವತ್ತು ಅಗ್ಗದ ಕ್ಯಾಮೆರಾಗಳ ಮೇಲೂ 4ಕೆ ಎಂದು ಅಚ್ಚು ಹಾಕಿರುತ್ತಾರೆ. ಎಷ್ಟೋ ಸಲ ಅದು ಸಣ್ಣ ಸೆನ್ಸರಿನ ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸಿ ಕೊಟ್ಟದ್ದು. ನಿಜವಾದ 1080ಪಿ, ಗಾಜಿನ ಲೆನ್ಸ್, ತುಸು ದೊಡ್ಡ ಸೆನ್ಸರ್, ಬೆಳಕು-ಫೋಕಸ್ಸನ್ನು ಕೈಯಿಂದ ಹೊಂದಿಸುವ ಸವಲತ್ತು, ಇಷ್ಟಿದ್ದರೆ ತನ್ನಿ. ಇನ್ನೊಂದು ವಿಷಯ: 1080ಪಿ ಚಿತ್ರವನ್ನು ಸೆಕೆಂಡಿಗೆ 30ರಂತೆ ಹಾಗೆಯೇ ಕಳಿಸಲು ಸುಮಾರು 1000 ಮೆಗಾಬಿಟ್ ದಾರಿ ಬೇಕು. ಯುಎಸ್‌ಬಿ 2ರ ದಾರಿ 480 ಮಾತ್ರ. ಹಾಗಾಗಿ ಕ್ಯಾಮೆರಾ ಒಳಗೇ ಚಿತ್ರವನ್ನು ಹಿಂಡಿ ಕಳಿಸುತ್ತದೆ. ಒಂದೇ ಅಂಕಿ ಬರೆದ ಎರಡು ಕ್ಯಾಮೆರಾಗಳಲ್ಲಿ ಒಂದರ ಚಿತ್ರ ಸ್ವಚ್ಛ, ಇನ್ನೊಂದರದು ಹರಕುಮುರುಕು ಆಗುವುದು ಬಹುಮಟ್ಟಿಗೆ ಇಲ್ಲೇ. ಕೊಳ್ಳುವ ಮೊದಲು ಅಂಗಡಿಯಲ್ಲೇ ಹಚ್ಚಿಸಿ, ಒಬ್ಬರನ್ನು ಕೈಯಾಡಿಸಲು ಹೇಳಿ ನೋಡಿ.

ಇನ್ನು ಬೆಳಕು. ನಾನು ಒತ್ತಿ ಹೇಳಬೇಕಾದದ್ದು ಇದನ್ನೇ. ನಮ್ಮ ಹಳೆಯ ಮಾಳಿಗೆ ಮನೆಗಳ ಪಡಸಾಲೆ ನೆನೆಸಿಕೊಳ್ಳಿ: ಒಳಗೆ ನಸುಗತ್ತಲು, ಬಾಗಿಲಾಚೆ ಕಣ್ಣು ಕುಕ್ಕುವ ಬಿಸಿಲು. ಬಾಗಿಲಿಗೆ ಬೆನ್ನು ಮಾಡಿ ಯಾರನ್ನು ಕೂರಿಸಿದರೂ ಕ್ಯಾಮೆರಾ ಆ ಬಿಸಿಲನ್ನೇ ಲೆಕ್ಕ ಹಿಡಿದು ಮುಖವನ್ನು ಕಪ್ಪು ಮಾಡಿಬಿಡುತ್ತದೆ. ಪುರಾಣ ಹೇಳುವವರ ಗದ್ದುಗೆಯನ್ನು ತಿರುಗಿಸಿ, ಬೆಳಕು ಮುಖಕ್ಕೆ ಬೀಳಲಿ. ಬಿಳಿ ಅಂಗಿ, ಬಿಳಿ ರುಮಾಲು ತೊಟ್ಟವರಿದ್ದರೂ ಇದೇ ತೊಂದರೆ. ಆಗ ಆಟೋ ತೆಗೆದು, ಕೆನ್ನೆಯ ಬಣ್ಣ ಸರಿಯಾಗಿ ಕಾಣುವವರೆಗೆ ಕೈಯಿಂದ ಹೊಂದಿಸಿ. ಬೆಳಕು ಸಾಲದಿದ್ದರೆ ಕ್ಯಾಮೆರಾ ಸೆಕೆಂಡಿಗೆ 30ರ ಬದಲು 15 ಚಿತ್ರಕ್ಕೆ ಇಳಿಯುವುದುಂಟು. ತಬಲಾದ ಮೇಲಿನ ಕೈ ಆಗ ಬರೀ ಮಸುಕು.

ನಮ್ಮ ಮಗ್ಗುಲಲ್ಲೇ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ವಿದ್ಯುತ್ ಸ್ಥಾವರವಿದೆ. ಅಲ್ಲಿನದಿರಲಿ, ದೇಶದ ಎಲ್ಲಿಯದೇ ಇರಲಿ, ನಮ್ಮ ಕರೆಂಟು 50 ಹರ್ಟ್ಸ್‌ನದು. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ತಿಳಿಯದು, ಕ್ಯಾಮೆರಾಕ್ಕೆ ತಿಳಿಯುತ್ತದೆ. ಸೆಟ್ಟಿಂಗಿನಲ್ಲಿ ಅಮೆರಿಕದ 60 ಹರ್ಟ್ಸ್ ಉಳಿದಿದ್ದರೆ ಚಿತ್ರದ ಮೇಲೆ ಪಟ್ಟೆ ಪಟ್ಟೆಯಾಗಿ ನೆರಳು ಹರಿಯುತ್ತದೆ. 50ಕ್ಕೆ ಬದಲಿಸಿ. ಕ್ಯಾಮೆರಾ ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸಬೇಕಿಲ್ಲ.

ಎಲ್ಲ ದುಡ್ಡನ್ನೂ ಚಿತ್ರಕ್ಕೇ ಸುರಿಯಬೇಡಿ, ದನಿಗೂ ತುಸು ಉಳಿಸಿ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ಲಿಂಗೈಕ್ಯರಾದರು. ಅವರ ಪ್ರವಚನವನ್ನು ಮಂದಿ ಇಂದಿಗೂ ಮೊಬೈಲಿನಲ್ಲಿ ಕೇಳುತ್ತಾರೆ. ಆ ಮೆಲುದನಿ ಸ್ಪಷ್ಟವಾಗಿದ್ದರೆ ಚಿತ್ರ ತುಸು ಮಬ್ಬಾಗಿದ್ದರೂ ಯಾರೂ ಎದ್ದು ಹೋಗುವುದಿಲ್ಲ. ವೆಬ್‌ಕ್ಯಾಮಿನಲ್ಲಿರುವ ಮೈಕನ್ನು ನಂಬದೆ ಕೊರಳಿಗೆ ಸಿಕ್ಕಿಸುವ ಒಂದು ಮೈಕ್ ತನ್ನಿ.

ಪುರಾಣ ನಡೆಯುವ ಗುಡಿಯಲ್ಲಿ ನೆಟ್‌ವರ್ಕ್ ಹೇಗಿದೆ, ಅದೇ ಹೊತ್ತಿಗೆ ಹೋಗಿ ಅಪ್‌ಲೋಡ್ ವೇಗ ಅಳೆಯಿರಿ. ನಾಲ್ಕೈದು ಎಂಬಿಪಿಎಸ್ ಮಾತ್ರ ಸಿಕ್ಕರೆ 720ಪಿ ಸಾಕು. ನಿಂತು ನಿಂತು ಬರುವ 1080ಪಿಗಿಂತ ಅದು ಎಷ್ಟೋ ಮೇಲು. ಯೂಟ್ಯೂಬಿನಲ್ಲಿ ಮೊದಲ ಸಲ ನೇರಪ್ರಸಾರ ಶುರು ಮಾಡುವವರಿಗೆ ಅನುಮತಿ ಸಿಗಲು 24 ಗಂಟೆಯವರೆಗೂ ಹಿಡಿಯಬಹುದು. ಹೀಗಾಗಿ ಎರಡು ದಿನ ಮೊದಲೇ ಚಾನೆಲ್ ಸಿದ್ಧ ಮಾಡಿ, ಗೋವಾದಲ್ಲಿರುವ ಯಾರಿಗಾದರೂ ಫೋನ್ ಹಚ್ಚಿ, ಮುಖ ಕಾಣುತ್ತದೆಯೇ ಎಂದು ಕೇಳಿ. ಇಲ್ಲವೆಂದರೆ ಒಂದು ಬಲ್ಬು ಹೆಚ್ಚು ಹಾಕಲು ಆಗ ಇನ್ನೂ ಹೊತ್ತಿರುತ್ತದೆ.