ಸಹಿ ಇರುವ ಬೇಸ್‌ಬಾಲ್ ಕಾರ್ಡ್: ಮೊದಲು ಹಿಂಬದಿ ನೋಡಿ

ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಬೇಸ್‌ಬಾಲ್ ಆಡತೊಡಗಿದರೆ ಅದರ ಬೆನ್ನಿಗೇ ಕಾರ್ಡುಗಳೂ ಮನೆಗೆ ಬರುತ್ತವೆ. ಒಂದು ಸಂಜೆ ಮಗ ಆಟಗಾರನ ಸಹಿಯಿರುವ ಕಾರ್ಡ್ ತಂದು, ಇದೇ ಕಾರ್ಡ್ ಸಾವಿರಾರು ಡಾಲರಿಗೆ ಹೋಗಿದೆ ಎಂದು ಫೋನಿನಲ್ಲಿ ತೋರಿಸಬಹುದು. ತಕ್ಷಣ ಹಿಗ್ಗಬೇಡಿ, ಮಗುವಿನ ಉತ್ಸಾಹಕ್ಕೆ ತಣ್ಣೀರೂ ಎರಚಬೇಡಿ. ಅದೇ ಆಟಗಾರ, ಅದೇ ಫೋಟೊ, ಅದೇ ವರ್ಷ. ಆದರೂ ಫೋನಿನಲ್ಲಿರುವುದು ಬೇರೆ ಕಾರ್ಡ್ ಆಗಿರುವ ಸಾಧ್ಯತೆಯೇ ಹೆಚ್ಚು.

ಮೊದಲ ಪ್ರಶ್ನೆ, ಅದು ಪೆನ್ನಿನ ಸಹಿಯೇ ಅಥವಾ ಅಚ್ಚಿನದೇ ಎಂಬುದು. ಟಾಪ್ಸ್ ಕಂಪನಿಯ 1952ರ, 1975ರ ಕಾರ್ಡುಗಳ ಮುಖದ ಮೇಲೆ ಸಹಿಯ ನಕಲನ್ನು ಅಚ್ಚು ಹಾಕಿಯೇ ಮಾರಿದ್ದರು. ಅದರಲ್ಲಿ ಮೋಸವಿಲ್ಲ, ಅದು ವಿನ್ಯಾಸದ ಭಾಗ. ಭೂತಗನ್ನಡಿ ಹಿಡಿದು ನೋಡಿ. ಪೆನ್ನಿನ ಗೆರೆ ಎಲ್ಲೋ ದಪ್ಪ, ಎಲ್ಲೋ ತೆಳು. ಒಂದು ಗೆರೆ ಇನ್ನೊಂದನ್ನು ದಾಟುವಲ್ಲಿ ಶಾಯಿ ಗಾಢವಾಗುತ್ತದೆ. ಓರೆಯಾಗಿ ಹಿಡಿದರೆ ಶಾಯಿಗೆ ತನ್ನದೇ ಹೊಳಪು. ಅಚ್ಚಿನ ಸಹಿ ಫೋಟೊದ ಜೊತೆಗೇ ಕಾಗದದಲ್ಲಿ ಸಮನಾಗಿ ಕೂತಿರುತ್ತದೆ. ಕೆಲವು ಕಾರ್ಡುಗಳಲ್ಲಿ ಸಹಿ ಪಾರದರ್ಶಕ ಸ್ಟಿಕ್ಕರಿನ ಮೇಲಿರುತ್ತದೆ. ಅದೂ ಅಸಲಿಯೇ. ಆದರೆ ಆಟಗಾರ ಕಾರ್ಡಿನ ಮೇಲೆಯೇ ಬರೆದದ್ದನ್ನು ಸಂಗ್ರಾಹಕರು ಹೆಚ್ಚು ಇಷ್ಟಪಡುತ್ತಾರೆ.

ಇನ್ನು ಕಾರ್ಡನ್ನು ತಿರುಗಿಸಿ. ಮಕ್ಕಳು ಓದದೆ ಬಿಡುವುದು ಹಿಂಬದಿಯನ್ನೇ, ಅಸಲು ವಿಷಯ ಇರುವುದೂ ಅಲ್ಲೇ. ಕಂಪನಿಯೇ ಸಹಿ ಹಾಕಿಸಿ ಪ್ಯಾಕಿನಲ್ಲಿ ಇಟ್ಟದ್ದಾದರೆ ಸಹಿಗೆ ತಾನು ಹೊಣೆ ಎಂಬ ಮಾತು ಸಾಮಾನ್ಯವಾಗಿ ಹಿಂಬದಿಯಲ್ಲಿರುತ್ತದೆ. ಇತ್ತೀಚಿನ ಬೌಮನ್ ಕ್ರೋಮ್ ಕಾರ್ಡುಗಳಲ್ಲಿ ಹೊಸ ಆಟಗಾರರ ಸಹಿಯ ಕಾರ್ಡಿನ ಸಂಖ್ಯೆ 'ಸಿಪಿಎ' ಎಂದು ಶುರುವಾಗುತ್ತದೆ, ಸಹಿ ಇಲ್ಲದ್ದು 'ಬಿಸಿಪಿ' ಎಂದು. ಹಿಂದೆ 'ಬಿಸಿಪಿ', ಮುಂದೆ ಸಹಿ ಎಂದಾದರೆ ಯಾರೋ ಆಮೇಲೆ ಬರೆಸಿಕೊಂಡದ್ದು. ಮೈದಾನದ ಬೇಲಿಯ ಬಳಿ ನಿಮ್ಮ ಮಗಳೇ ಬರೆಸಿಕೊಂಡಿದ್ದರೆ ಅದಕ್ಕಿಂತ ಚೆಂದದ ಕಾರ್ಡ್ ನನ್ನ ಮಟ್ಟಿಗೆ ಇಲ್ಲ. ಅಪರಿಚಿತರಿಂದ ಕೊಂಡದ್ದಾದರೆ ಪಿಎಸ್‌ಎ, ಜೆಎಸ್‌ಎ, ಬೆಕೆಟ್‌ನಂಥ ಪರಿಶೀಲಕರ ಒಪ್ಪಿಗೆ ಬೇಕು. 1990ರ ದಶಕದಲ್ಲಿ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ನಡೆಸಿದ್ದೇ ಖೋಟಾ ಸಹಿಗಳ ಜಾಲದ ಮೇಲೆ.

ಬೆಲೆಯ ದೊಡ್ಡ ಅಂತರವಿರುವುದು ಬಣ್ಣದಲ್ಲಿ. ಒಂದೇ ಸಹಿಯ ಕಾರ್ಡನ್ನು ಕಂಪನಿ ಹಲವು ರೂಪಗಳಲ್ಲಿ ಅಚ್ಚು ಹಾಕುತ್ತದೆ. ಇವಕ್ಕೆ ಪ್ಯಾರಲಲ್ ಎನ್ನುತ್ತಾರೆ. ಸಾದಾ ಕ್ರೋಮ್ ಕಾರ್ಡ್ ಬರೀ ಮಿನುಗುತ್ತದೆ. ರಿಫ್ರಾಕ್ಟರ್ ಆದರೆ ದೀಪದ ಕೆಳಗೆ ಓಲಾಡಿಸಿದಾಗ, ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ಕಾಮನಬಿಲ್ಲಿನ ಬಣ್ಣಗಳು ಸರಿದಾಡುತ್ತವೆ. ಬೌಮನ್ ಕ್ರೋಮ್‌ನಲ್ಲಿ ಚಿನ್ನದ ಬಣ್ಣದ್ದು 50, ಕಿತ್ತಳೆ 25, ಕೆಂಪು 5, ಸೂಪರ್‌ಫ್ರಾಕ್ಟರ್ ಒಂದೇ ಒಂದು. ಮೈಕ್ ಟ್ರೌಟ್ ಸಹಿಯ 2009ರ ಸೂಪರ್‌ಫ್ರಾಕ್ಟರ್ 2020ರಲ್ಲಿ ಸುಮಾರು 39 ಲಕ್ಷ ಡಾಲರಿಗೆ ಹರಾಜಾಯಿತು. ಅದೇ ಫೋಟೊ, ಅದೇ ಸಹಿ ಇರುವ ಸಾದಾ ಕಾರ್ಡುಗಳೂ ಇವೆ. ಅವುಗಳ ಬೆಲೆ ಅದರ ಹತ್ತಿರಕ್ಕೂ ಸುಳಿಯದು.

ಇಂಥ ಕಾರ್ಡಿನ ಮೇಲೆ ಎಷ್ಟರಲ್ಲಿ ಎಷ್ಟನೆಯದು ಎಂದು ಹಾಕಿರುವ ಸಂಖ್ಯೆ ಓದುವುದನ್ನೂ ಕಲಿಸಿ. 12/50 ಎಂದಿದ್ದರೆ ಐವತ್ತರಲ್ಲಿ ಹನ್ನೆರಡನೆಯದು ಎಂದರ್ಥ, ಹನ್ನೆರಡೇ ಇವೆ ಎಂದಲ್ಲ. ಗೆಳೆಯರ ನಡುವಿನ ಅದಲುಬದಲಿನಲ್ಲಿ ಮಕ್ಕಳು ಮೋಸಹೋಗುವುದು ಇಲ್ಲಿಯೇ. ಬೆಲೆ ಹುಡುಕುವಾಗ ವರ್ಷ, ಕಾರ್ಡ್ ಸಂಖ್ಯೆ, ಬಣ್ಣ, ಎಷ್ಟರಲ್ಲಿ ಒಂದು, ಈ ನಾಲ್ಕೂ ಹೊಂದಬೇಕು. ಮಾರುವವರು ಕೇಳುತ್ತಿರುವ ಬೆಲೆ ಬಿಟ್ಟು ನಿಜಕ್ಕೂ ಮಾರಾಟವಾದ ಬೆಲೆ ನೋಡಿ.

ಸಹಿಯ ಮೇಲೆ ಬೆರಳಾಡಿಸುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು ಬೇಡ, ಶಾಯಿ ಹರಡುತ್ತದೆ. ಪ್ಯಾಕಿನಲ್ಲಿ ಸಹಿಯ ಕಾರ್ಡಿನ ಬದಲು, ಅದನ್ನು ಆಮೇಲೆ ತರಿಸಿಕೊಳ್ಳುವ ರಿಡೆಂಪ್ಶನ್ ಚೀಟಿ ಸಿಕ್ಕರೆ ಅದರ ಕೊನೆಯ ದಿನಾಂಕ ನೋಡಿ, ಆ ದಿನವೇ ಕೂತು ನಿಮ್ಮ ಹೆಸರಿನಲ್ಲಿ ನೋಂದಾಯಿಸಿ.